ಶಕ್ತಿ ಬಂದ ಮಾರನೇ ದಿನ ಕೆಲಸಕ್ಕೆ ಹೋಗುತ್ತಾರಾ? ‘ಹೀರೋಸ್’ ಮತ್ತು ಅದರ ಬಂಧುಬಳಗದಲ್ಲಿ ಯಾವುದನ್ನು ನೋಡಬೇಕು

ಸೂಪರ್‌ಹೀರೋ ಕತೆ ಅಂದ ಕೂಡಲೇ ಮುಖವಾಡ, ಮೈಗಂಟಿದ ಬಟ್ಟೆ, ಬೆನ್ನ ಹಿಂದೆ ಹಾರುವ ಕೇಪು ನೆನಪಿಗೆ ಬರುತ್ತವೆ. ಅವುಗಳ ಅಭಿಮಾನಿಗಳಿಗೆ ಹೇಳಿ ಮಾಡಿಸಿದ ಸರಣಿಗಳು ಬೇಕಾದಷ್ಟಿವೆ. ಇಲ್ಲಿ ಮಾತಾಡುತ್ತಿರುವುದು ಬೇರೆ ಜಾತಿಯ ಸರಣಿಗಳ ಬಗ್ಗೆ. ನರ್ಸ್, ಪೊಲೀಸ್, ಪಾರ್ಸೆಲ್ ತಲುಪಿಸುವವನು, ಹೋಟೆಲ್ ನಡೆಸುವ ಅಮ್ಮ. ಇಂಥವರಿಗೆ ಒಂದು ದಿನ ಗೋಡೆಯಾಚೆಯ ಮಾತು ಕೇಳಿಸುತ್ತದೆ, ಗಾಯ ತಾನಾಗಿ ಮಾಯುತ್ತದೆ, ಕಾಲು ನೆಲ ಬಿಡುತ್ತದೆ. ಆಮೇಲೆ?

ಆ ‘ಆಮೇಲೆ’ಯಲ್ಲೇ ಎಲ್ಲ ಇದೆ. ಇಂಥ ಸರಣಿ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡಲು ನಾನು ಕೇಳುವುದು ಒಂದೇ ಪ್ರಶ್ನೆ: ಶಕ್ತಿ ಬಂದ ಮಾರನೇ ದಿನ ಇವರು ಕೆಲಸಕ್ಕೆ ಹೋಗುತ್ತಾರಾ? ಮನೆ ಬಾಡಿಗೆ, ಮೇಲಧಿಕಾರಿಯ ಕಿರಿಕಿರಿ, ಹೆಂಡತಿಯ ಮುನಿಸು ಇವೆಲ್ಲ ಇನ್ನೂ ಇವೆಯಾ? ಇದ್ದಷ್ಟು ದಿನ ಕತೆಗೆ ಜೀವ ಇರುತ್ತದೆ. ಎಲ್ಲರೂ ಕೆಲಸ ಬಿಟ್ಟು ಲೋಕ ಉಳಿಸಲು ಹೊರಟ ದಿನ ನನಗೆ ಆಕಳಿಕೆ ಶುರುವಾಗುತ್ತದೆ. ಈ ಅಳತೆ ನಿಮ್ಮದಲ್ಲದಿದ್ದರೆ ನನ್ನ ಆಯ್ಕೆಗಳೂ ನಿಮಗೆ ಹಿಡಿಸದೇ ಇರಬಹುದು, ಮೊದಲೇ ಹೇಳಿಬಿಟ್ಟಿದ್ದೇನೆ.

ಇಲ್ಲಿ ಹೋಲಿಸುತ್ತಿರುವುದು ಆರು: ಅಮೆರಿಕದ ‘ಹೀರೋಸ್’, ‘ದ 4400’ ಮತ್ತು ‘ಸೆನ್ಸ್8’, ಬ್ರಿಟನ್ನಿನ ‘ಮಿಸ್‌ಫಿಟ್ಸ್’ ಮತ್ತು ‘ಸೂಪಾಸೆಲ್’, ಕೊರಿಯಾದ ‘ಮೂವಿಂಗ್’. ಕತೆಯ ಗುಟ್ಟು ಬಿಟ್ಟುಕೊಡುವುದಿಲ್ಲ. ಮೊದಲ ಒಂದೆರಡು ಕಂತಿನ ವಿಷಯ ಮಾತ್ರ ಅಲ್ಲಲ್ಲಿ ಬರುತ್ತದೆ.

ಹೀರೋಸ್: ಒಂದು ಸೀಸನ್, ಅಷ್ಟೇ

ಟಿಮ್ ಕ್ರಿಂಗ್ ಕಟ್ಟಿದ ಈ ಸರಣಿ 2006ರ ಸೆಪ್ಟೆಂಬರ್ 25ರಂದು ಎನ್‌ಬಿಸಿ ವಾಹಿನಿಯಲ್ಲಿ ಶುರುವಾಯಿತು. ಅಮೆರಿಕದಲ್ಲಿ ಸುಮಾರು 1.4 ಕೋಟಿ ಜನ ಮೊದಲ ಕಂತನ್ನು ನೋಡಿದರು. ಯಾಕೆ ಅಷ್ಟು ಹಿಡಿಸಿತು ಅನ್ನುವುದು ಇವತ್ತಿಗೂ ಆ ಕಂತು ನೋಡಿದರೆ ಗೊತ್ತಾಗುತ್ತದೆ. ಟೋಕಿಯೋದ ಆಫೀಸಿನಲ್ಲಿ ಹಿರೋ ನಾಕಮುರಾ ಕಣ್ಣು ಕಿರಿದು ಮಾಡಿ ಗಡಿಯಾರದ ಮುಳ್ಳನ್ನು ದಿಟ್ಟಿಸುತ್ತಾನೆ. ಮುಳ್ಳು ಒಂದು ಸೆಕೆಂಡು ಹಿಂದಕ್ಕೆ ಹೋಗುತ್ತದೆ. ಅಷ್ಟಕ್ಕೇ ಅವನು ಕುಣಿದಾಡುತ್ತಾನೆ. ಟೆಕ್ಸಾಸ್‌ನ ಒಡೆಸ್ಸಾ ಊರಿನಲ್ಲಿ ಕ್ಲೇರ್ ಬೆನೆಟ್ ಎಂಬ ಚಿಯರ್‌ಲೀಡರ್ ಹುಡುಗಿ ಎತ್ತರದಿಂದ ಬೇಕೆಂದೇ ಹಾರುತ್ತಾಳೆ. ಮುರಿದ ಮೂಳೆಯನ್ನು ತಾನೇ ಒತ್ತಿ ಕೂರಿಸಿಕೊಳ್ಳುತ್ತಾಳೆ. ಗೆಳೆಯ ಕೆಳಗೆ ಕ್ಯಾಮರಾ ಹಿಡಿದು ನಿಂತಿರುತ್ತಾನೆ. ಹಿರೋಗೆ ಇದು ಹಬ್ಬ, ಕ್ಲೇರ್‌ಗೆ ಇದು ಕಾಯಿಲೆ. ಒಂದೇ ಸಂಗತಿ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ರೀತಿ. ಮೊದಲ ಸೀಸನ್ನಿನ ಬಲ ಇರುವುದೇ ಇಲ್ಲಿ.

ಲಾಸ್ ಏಂಜಲೀಸ್‌ನ ಪೊಲೀಸ್ ಮ್ಯಾಟ್ ಪಾರ್ಕ್‌ಮನ್‌ನನ್ನೇ ನೋಡಿ. ಓದಲು ತೊಡಕಿರುವ ಅವನು ಬಡ್ತಿ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲ್ ಆಗಿದ್ದಾನೆ. ಅಂಥವನಿಗೆ ಬೇರೆಯವರ ಮನಸ್ಸು ಕೇಳಿಸತೊಡಗುತ್ತದೆ. ಮನೆಗೆ ಬಂದು ಅವನು ಮಾಡುವುದು ಏನು? ಕಳ್ಳರನ್ನು ಹಿಡಿಯುವುದಲ್ಲ. ಹೆಂಡತಿ ಮನಸ್ಸಿನಲ್ಲಿ ಏನು ಬಯಸುತ್ತಾಳೋ ಅದನ್ನು ಕೇಳುವ ಮೊದಲೇ ಮಾಡಿಕೊಟ್ಟು ಅವಳನ್ನು ಖುಷಿಪಡಿಸುವುದು. ಈ ಆಟ ಎಲ್ಲಿ ಹೋಗಿ ಮುಟ್ಟಬಹುದು ಎಂದು ಮದುವೆಯಾದವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ನಮ್ಮ ಕಡೆಯ ಪಾತ್ರವೂ ಒಂದಿದೆ. ಚೆನ್ನೈನಲ್ಲಿ ಪಾಠ ಮಾಡುವ ತಳಿವಿಜ್ಞಾನದ ಮೇಷ್ಟ್ರು ಮೊಹಿಂದರ್ ಸುರೇಶ್. ಅಪ್ಪನ ಸಾವಿನ ಜಾಡು ಹಿಡಿದು ನ್ಯೂಯಾರ್ಕಿಗೆ ಹೋಗಿ ಅಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಚೆನ್ನೈ ಮನುಷ್ಯನಿಗೆ ಪಂಜಾಬಿ ಹೆಸರು ಇಟ್ಟಿದ್ದು ಯಾಕೆ ಅಂತ ಕೇಳಬೇಡಿ. ಅಮೆರಿಕದ ಟಿವಿಗೆ ಅವೆಲ್ಲ ಗೊತ್ತಾಗುವುದಿಲ್ಲ. ಈ ಪಾತ್ರ ಮಾಡಿದ ಸೆಂಧಿಲ್ ರಾಮಮೂರ್ತಿ ಹುಟ್ಟಿದ್ದು ಷಿಕಾಗೋದಲ್ಲಿ, ಆದರೆ ಅವರ ಮನೆತನಕ್ಕೆ ಬೆಂಗಳೂರಿನ ನಂಟಿದೆ. ಪ್ರತಿ ಕಂತಿನ ಆಚೀಚೆ ಅವರ ದನಿಯಲ್ಲಿ ಬರುವ ಭಾರೀ ತತ್ವದ ಮಾತುಗಳನ್ನು ಮಾತ್ರ ಸಹಿಸಿಕೊಳ್ಳಬೇಕು.

ಮೊದಲ ಸೀಸನ್ನಿನ 17ನೇ ಕಂತನ್ನು ಬೇರೆಯಾಗಿ ಹೇಳಲೇಬೇಕು. ಬ್ರಯಾನ್ ಫುಲ್ಲರ್ ಬರೆದದ್ದು. ದಪ್ಪ ಫ್ರೇಮಿನ ಕನ್ನಡಕದ ನೋವಾ ಬೆನೆಟ್, ಅವನ ಹೆಂಡತಿ ಮಕ್ಕಳು, ಒಂದೇ ಮನೆ, ಒಳಗೆ ಬಂದೂಕು ಹಿಡಿದವರು. ಹಾರಾಟವಿಲ್ಲ, ನಗರ ಸಿಡಿಯುವುದಿಲ್ಲ. ಒಬ್ಬ ಅಪ್ಪ ಇಷ್ಟು ವರ್ಷ ಮನೆಯವರಿಗೆ ಹೇಳಿದ ಸುಳ್ಳು ಒಂದೊಂದಾಗಿ ಕಳಚುತ್ತದೆ. ಈ ಬಗೆಯ ಟಿವಿಯಲ್ಲಿ ಇದಕ್ಕಿಂತ ಒಳ್ಳೆಯ ಗಂಟೆಗಳು ಕಡಿಮೆ.

ಮತ್ತೆ ಯಾಕೆ ಒಂದೇ ಸೀಸನ್? ಮೊದಲ 23 ಕಂತುಗಳಲ್ಲಿ ಹೇಳಬೇಕಾದ ಕತೆ ಒಂದು ದಡ ಮುಟ್ಟುತ್ತದೆ. ಎರಡನೇ ಸೀಸನ್ ನಿಧಾನವಾಗಿ ಎದ್ದಿತು. ನಿಧಾನವಾಯಿತು ಎಂದು ಕ್ರಿಂಗ್ ಅವರೇ ಪತ್ರಿಕೆಯೊಂದರಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ 2007ರ ನವೆಂಬರ್‌ನಲ್ಲಿ ಹಾಲಿವುಡ್ ಬರಹಗಾರರ ಮುಷ್ಕರ ಶುರುವಾಗಿ, 24 ಕಂತು ಆಗಬೇಕಿದ್ದದ್ದು 11ಕ್ಕೆ ನಿಂತಿತು. ಮೂರನೇ ಸೀಸನ್ನಿನಲ್ಲಂತೂ ಯಾರು ಒಳ್ಳೆಯವರು ಯಾರು ಕೆಟ್ಟವರು ಅನ್ನುವುದು ವಾರಕ್ಕೊಮ್ಮೆ ಬದಲಾಗುತ್ತದೆ. ಸತ್ತವರು ಎದ್ದು ಬರುತ್ತಾರೆ. ಮುಖ್ಯವಾಗಿ, ಯಾರಿಗೂ ಕೆಲಸವಿಲ್ಲ. ನಾಲ್ಕನೆಯದರಲ್ಲಿ, ಮೊದಲ ಸೀಸನ್ನಿನಲ್ಲಿ ನರ್ಸ್ ಆಗಿದ್ದ ಪೀಟರ್‌ನನ್ನು ಮತ್ತೆ ಆಂಬ್ಯುಲೆನ್ಸ್ ಕೆಲಸಕ್ಕೆ, ಕ್ಲೇರ್‌ಳನ್ನು ಕಾಲೇಜಿಗೆ ಕಳಿಸಿ ಸರಿಮಾಡಲು ನೋಡಿದರು. ಹೊತ್ತು ಮೀರಿತ್ತು. 2010ರ ಫೆಬ್ರವರಿಯಲ್ಲಿ 77 ಕಂತಿಗೆ ಮುಗಿಯಿತು. 2015ರಲ್ಲಿ ‘ಹೀರೋಸ್ ರಿಬಾರ್ನ್’ ಎಂದು 13 ಕಂತು ಮತ್ತೆ ಬಂತು. ಹಳೆಯ ಮುಖಗಳನ್ನು ನೋಡುವ ಆಸೆ ಇದ್ದರೆ ಮಾತ್ರ ಅದರ ಹತ್ತಿರ ಹೋಗಿ.

ಮೂವಿಂಗ್: ಒಂದೇ ನೋಡುವುದಾದರೆ ಇದು

ನನ್ನ ಪ್ರಶ್ನೆಗೆ ಅತಿ ಚೆನ್ನಾಗಿ ಉತ್ತರ ಕೊಡುವ ಸರಣಿ ಇದು. ಇಲ್ಲಿ ಶಕ್ತಿ ಆಕಾಶದಿಂದ ಬೀಳುವುದಿಲ್ಲ, ಅಪ್ಪ ಅಮ್ಮನಿಂದ ಬರುತ್ತದೆ. ಹೈಸ್ಕೂಲ್ ಹುಡುಗ ಬೊಂಗ್‌ಸೊಕ್‌ಗೆ ಖುಷಿಯಾದರೆ ಕಾಲು ನೆಲ ಬಿಡುತ್ತದೆ. ಅವನಮ್ಮ ಪುಟ್ಟ ಹೋಟೆಲ್ ನಡೆಸುತ್ತಾಳೆ. ಮಗ ತೇಲಬಾರದು ಎಂದು ಅವನಿಗೆ ಹೊಟ್ಟೆ ತುಂಬಾ ತಿನ್ನಿಸಿ ತೂಕ ಹೆಚ್ಚಿಸಿದ್ದಾಳೆ. ಕಾಲಿಗೆ ಮರಳಿನ ಪಟ್ಟಿ, ಬೆನ್ನಿಗೆ ಭಾರದ ಚೀಲ. ಮನಸ್ಸು ಹತೋಟಿಗೆ ಬರಲಿ ಎಂದು ಹುಡುಗ ಪೈ ಸಂಖ್ಯೆಯ ಅಂಕಿಗಳನ್ನು ಬಾಯಿಪಾಠ ಹೇಳುತ್ತಾನೆ. ಹೊಸದಾಗಿ ಶಾಲೆಗೆ ಸೇರಿದ ಹುಡುಗಿ ಪಕ್ಕದಲ್ಲಿ ಕೂತರೆ ಅಂಕಿಗಳೂ ಕೆಲಸ ಮಾಡುವುದಿಲ್ಲ. ಮೊದಲ ಪ್ರೀತಿಯನ್ನು ಇಷ್ಟು ಮುದ್ದಾಗಿ, ಇಷ್ಟು ತಮಾಷೆಯಾಗಿ ತೋರಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆ ಹುಡುಗಿ ಹುಯಿಸೂಗೆ ಗಾಯವಾದರೂ ತಾನಾಗಿ ಮಾಯುತ್ತದೆ. ಅವಳಪ್ಪ ಚಿಕನ್ ಅಂಗಡಿ ಇಟ್ಟಿದ್ದಾನೆ, ವ್ಯಾಪಾರ ಅಷ್ಟಕ್ಕಷ್ಟೇ. ಒಂದು ಕಾಲದಲ್ಲಿ ಈ ಅಪ್ಪ ಅಮ್ಮಂದಿರು ಸರ್ಕಾರದ ಗುಪ್ತಚರ ಇಲಾಖೆಗೆ ದುಡಿದವರು. ಈಗ ತಲೆಮರೆಸಿಕೊಂಡು ಮಕ್ಕಳನ್ನು ಬೆಳೆಸುತ್ತಿದ್ದಾರೆ. ಮಕ್ಕಳ ಶಕ್ತಿ ಹೊರಗೆ ಗೊತ್ತಾದರೆ ಮತ್ತೆ ಯಾರೋ ಬಂದು ಬಾಗಿಲು ತಟ್ಟುತ್ತಾರೆ ಎಂಬ ಭಯ ಅವರಿಗೆ.

20 ಕಂತುಗಳ ಕಟ್ಟಡ ಹೀಗಿದೆ: ಮೊದಲ ಏಳು ಮಕ್ಕಳದು, ಆಮೇಲಿನ ಏಳು ಅಪ್ಪ ಅಮ್ಮಂದಿರ ಹಿಂದಿನ ಕತೆ, ಕೊನೆಯ ಆರರಲ್ಲಿ ಎರಡೂ ಒಂದೇ ಕಡೆ ಸೇರುತ್ತವೆ. ಎಂಟನೇ ಕಂತಿನಲ್ಲಿ ಮಕ್ಕಳು ಮರೆಯಾದಾಗ ಕೆಲವರಿಗೆ ಬೇಸರವಾಗುತ್ತದೆ. ಬಿಡಬೇಡಿ. ಸರಣಿಯ ಹೃದಯ ಇರುವುದು ಆ ನಡುವಿನ ಭಾಗದಲ್ಲೇ. ಕಾಂಗ್ ಫುಲ್ ತಮ್ಮದೇ ವೆಬ್‌ಟೂನ್ (ಅಂತರ್ಜಾಲದಲ್ಲಿ ಬರುವ ಕಾಮಿಕ್ಸ್) ಆಧಾರದ ಮೇಲೆ ಚಿತ್ರಕತೆ ಬರೆದರು, ನಿರ್ದೇಶನ ಪಾರ್ಕ್ ಇನ್‌ಜೆ ಅವರದು. 2023ರ ಆಗಸ್ಟ್‌ನಿಂದ ಸೆಪ್ಟೆಂಬರ್‌ವರೆಗೆ ಬಂತು. ಮಾರನೇ ವರ್ಷ ಕೊರಿಯಾದ ಬೇಕ್‌ಸಾಂಗ್ ಪ್ರಶಸ್ತಿಗಳಲ್ಲಿ ಟಿವಿ ವಿಭಾಗದ ಅತಿ ದೊಡ್ಡ ಗೌರವ ಇದಕ್ಕೇ ಸಿಕ್ಕಿತು.

ಒಂದು ಎಚ್ಚರಿಕೆ. ಪೋಸ್ಟರ್ ನೋಡಿ ಮಕ್ಕಳ ಸರಣಿ ಅಂದುಕೊಳ್ಳಬೇಡಿ. ಪಾರ್ಸೆಲ್ ಹುಡುಗನ ವೇಷದಲ್ಲಿ ಬರುವ ಕೊಲೆಗಾರನೊಬ್ಬ ಇದ್ದಾನೆ. ಹೊಡೆದಾಟಗಳಲ್ಲಿ ರಕ್ತ ಜಾಸ್ತಿ, ಮೂಳೆ ಮುರಿಯುವ ಸದ್ದೂ ಜಾಸ್ತಿ. ಊಟ ಮಾಡುತ್ತಾ ನೋಡುವ ಅಭ್ಯಾಸ ಇರುವವರು ತಟ್ಟೆ ಖಾಲಿ ಮಾಡಿ ಕೂರುವುದು ಒಳ್ಳೆಯದು.

ಮಿಸ್‌ಫಿಟ್ಸ್: ಬಾಯಿ ಕೆಟ್ಟದ್ದು, ಮನಸ್ಸು ಒಳ್ಳೆಯದು

ಇಲ್ಲಿ ‘ಕೆಲಸಕ್ಕೆ ಹೋಗುತ್ತಾರಾ’ ಎಂದು ಕೇಳುವ ಹಾಗೇ ಇಲ್ಲ. ಹೋಗಲೇಬೇಕು, ಕೋರ್ಟಿನ ಆದೇಶ. ಸಣ್ಣಪುಟ್ಟ ಅಪರಾಧ ಮಾಡಿ ಸಮುದಾಯ ಸೇವೆಯ ಶಿಕ್ಷೆಗೆ ಒಳಗಾದ ಐವರು ಹುಡುಗ ಹುಡುಗಿಯರು ಕಿತ್ತಳೆ ಬಣ್ಣದ ಅಂಗಿ ತೊಟ್ಟು ಬಣ್ಣ ಬಳಿಯುತ್ತಿರುವಾಗ ಆಲಿಕಲ್ಲಿನ ವಿಚಿತ್ರ ಬಿರುಗಾಳಿ ಬಡಿಯುತ್ತದೆ. ಹೊವರ್ಡ್ ಓವರ್‌ಮನ್ ಬರೆದ ಈ ಸರಣಿ 2009ರ ನವೆಂಬರ್‌ನಲ್ಲಿ ಬ್ರಿಟನ್ನಿನ ಇ4 ವಾಹಿನಿಯಲ್ಲಿ ಶುರುವಾಯಿತು. 2010ರಲ್ಲಿ ಅತ್ಯುತ್ತಮ ನಾಟಕ ಸರಣಿಗೆ ಕೊಡುವ ಬಾಫ್ಟಾ ಪ್ರಶಸ್ತಿ ಗೆದ್ದಿತು. ಚಿತ್ರೀಕರಣ ನಡೆದದ್ದು ಲಂಡನ್ನಿನ ಆಗ್ನೇಯ ಅಂಚಿನ ಥೇಮ್ಸ್‌ಮೀಡ್‌ನಲ್ಲಿ. ಬೂದು ಕಾಂಕ್ರೀಟಿನ ಕಟ್ಟಡಗಳು, ನಡುವೆ ಒಂದು ಕೆರೆ. ಆ ಜಾಗವೇ ಆರನೇ ಪಾತ್ರ ಅನ್ನಬಹುದು.

ಜಾಣತನ ಇರುವುದು ಯಾರಿಗೆ ಯಾವ ಶಕ್ತಿ ಬಂತು ಅನ್ನುವುದರಲ್ಲಿ. ಯಾರ ಕಣ್ಣಿಗೂ ಬೀಳದ ಸೈಮನ್ ನಿಜವಾಗಿಯೂ ಮಾಯವಾಗುತ್ತಾನೆ. ಜನ ತನ್ನ ಬಗ್ಗೆ ಏನಂದುಕೊಳ್ಳುತ್ತಾರೋ ಎಂದು ಸದಾ ಸಿಡುಕುವ ಕೆಲ್ಲಿಗೆ ಅವರ ಮನಸ್ಸೇ ಕೇಳಿಸುತ್ತದೆ. ಓಟಗಾರನಾಗಿದ್ದು ಒಂದು ತಪ್ಪಿನಿಂದ ಎಲ್ಲ ಕಳೆದುಕೊಂಡ ಕರ್ಟಿಸ್‌ಗೆ ಕಾಲ ಹಿಂದಕ್ಕೆ ಸರಿಸುವ ಶಕ್ತಿ, ಅದೂ ಪಶ್ಚಾತ್ತಾಪ ಆದಾಗ ಮಾತ್ರ. ‘ಹೀರೋಸ್’ನಲ್ಲಿ ಶಕ್ತಿ ಅದೃಷ್ಟದ ಚೀಟಿ ಎತ್ತಿದ ಹಾಗೆ ಬರುತ್ತದೆ, ಇಲ್ಲಿ ಒಳಗಿನ ಹುಣ್ಣೇ ಶಕ್ತಿಯಾಗುತ್ತದೆ. ಈ ಒಂದು ವಿಷಯದಲ್ಲಿ ‘ಮಿಸ್‌ಫಿಟ್ಸ್’ ಉಳಿದ ಐದಕ್ಕಿಂತ ಮುಂದೆ.

ಬೈಗುಳ, ಲೈಂಗಿಕ ಮಾತು, ಹೆಣ ಎಲ್ಲವೂ ಧಾರಾಳ. ಹಿರಿಯರು ಹಾಲ್‌ನಲ್ಲಿ ಕೂತಿರುವಾಗ ಹಾಕಲೇಬೇಡಿ. ಉಚ್ಚಾರಣೆ ಹಿಡಿಯುವುದು ಕಷ್ಟ, ಸಬ್‌ಟೈಟಲ್ ಇರಲಿ. ಮೊದಲ ಎರಡು ಸೀಸನ್ ಸೇರಿ 13 ಕಂತು, ಅವು ಅಪ್ಪಟ ಚಿನ್ನ. ಅಲ್ಲಿಗೆ ರಾಬರ್ಟ್ ಶೀಹನ್ ಹೊರಟುಹೋಗುತ್ತಾರೆ. ಅವರು ಮಾಡಿದ ನೇಥನ್ ಪಾತ್ರದ ಬಾಯಿಬಡುಕತನವೇ ಸರಣಿಯ ಎಂಜಿನ್ ಆಗಿತ್ತು. ಮೂರನೆಯದು ಪರವಾಗಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಹಳಬರೆಲ್ಲ ಖಾಲಿ. ಐದು ಸೀಸನ್, 37 ಕಂತು ಪೂರ್ತಿ ನೋಡುವ ಹಟ ಬೇಡ.

ದ 4400: ಹಳತು, ಆದರೂ ಕಾಡುತ್ತದೆ

ಇದು ‘ಹೀರೋಸ್’ಗಿಂತ ಎರಡು ವರ್ಷ ಮೊದಲೇ, 2004ರಲ್ಲಿ ಬಂದದ್ದು. 1946ರಿಂದ ಈಚೆಗೆ ಬೇರೆ ಬೇರೆ ಹೊತ್ತಿನಲ್ಲಿ ಕಾಣೆಯಾದ 4400 ಜನ ಸಿಯಾಟಲ್ ಹತ್ತಿರ, ಮೌಂಟ್ ರೇನಿಯರ್ ಬೆಟ್ಟದ ಕಡೆ ಒಂದು ಬೆಳಕಿನ ಉಂಡೆಯಿಂದ ಒಟ್ಟಿಗೇ ಹೊರಬರುತ್ತಾರೆ. ಯಾರಿಗೂ ಒಂದು ದಿನವೂ ವಯಸ್ಸಾಗಿಲ್ಲ.

ಇಲ್ಲಿ ಕೆಲಸಕ್ಕೆ ಹೋಗೋಣ ಅಂದರೆ ಕೆಲಸವೇ ಇಲ್ಲ. ಒಬ್ಬಳ ಗಂಡ ಬೇರೆ ಮದುವೆಯಾಗಿದ್ದಾನೆ, ಮಗಳಿಗೆ ಅವಳ ಗುರುತೇ ಇಲ್ಲ. 1951ರಲ್ಲಿ ಮರೆಯಾದ ಕಪ್ಪು ಸೈನಿಕ ರಿಚರ್ಡ್ ಟೈಲರ್ ಬಿಳಿಯ ಹೆಣ್ಣನ್ನು ಪ್ರೀತಿಸಿದ್ದಕ್ಕೆ ತನ್ನದೇ ಪಡೆಯವರಿಂದ ಏಟು ತಿಂದವನು. 2004ರಲ್ಲಿ ಕಣ್ಣು ಬಿಟ್ಟರೆ ಲೋಕ ಬದಲಾಗಿದೆ. ಎಷ್ಟು ಬದಲಾಗಿದೆ ಅನ್ನುವುದನ್ನು ಅವನು ಹೆಜ್ಜೆ ಹೆಜ್ಜೆಗೂ ತಡವಿ ನೋಡಬೇಕು. ಆ ಪಾತ್ರದಲ್ಲಿ ಮುಂದೆ ಎರಡು ಆಸ್ಕರ್ ಗೆದ್ದ ಮಹೆರ್ಶಾಲಾ ಅಲಿ ಇದ್ದಾರೆ. ಶಕ್ತಿಗಳು ನಿಧಾನವಾಗಿ, ಒಬ್ಬೊಬ್ಬರಲ್ಲಿ ತಲೆ ಎತ್ತುತ್ತವೆ. ಸರ್ಕಾರ ಇವರನ್ನು ಪಟ್ಟಿ ಮಾಡುತ್ತದೆ, ಕಾಯುತ್ತದೆ, ಹೆದರುತ್ತದೆ. 2001ರ ದಾಳಿಯ ನಂತರದ ಅಮೆರಿಕದ ದಿಗಿಲು ಇಡೀ ಸರಣಿಯಲ್ಲಿ ಹರಡಿಕೊಂಡಿದೆ.

ಮೊದಲ ಸೀಸನ್ ಬರೀ ಐದು ಕಂತು, ರುಚಿ ನೋಡಲು ಸುಲಭ. ಒಟ್ಟು 44. ಗ್ರಾಫಿಕ್ಸ್ ನೋಡಿ ನಗು ಬರಬಹುದು. ದೊಡ್ಡ ಕೊರತೆ ಕೊನೆಯದು: 2007ರಲ್ಲಿ ವಾಹಿನಿ ನಿಲ್ಲಿಸಿಬಿಟ್ಟಿತು, ಕತೆ ನಡುದಾರಿಯಲ್ಲೇ ಉಳಿಯಿತು. 2021ರಲ್ಲಿ ಇದೇ ಹೆಸರಲ್ಲಿ ಹೊಸ ಸರಣಿ ಬಂತು, ಅದೂ ಒಂದೇ ಸೀಸನ್ನಿಗೆ ಮುಗಿಯಿತು. ಹುಡುಕುವಾಗ ಎರಡನ್ನೂ ಅದಲುಬದಲು ಮಾಡಿಕೊಳ್ಳಬೇಡಿ.

ಸೂಪಾಸೆಲ್ ಮತ್ತು ಸೆನ್ಸ್8

‘ಸೂಪಾಸೆಲ್’ ಚಿಕ್ಕದು, ಆರೇ ಕಂತು. 2024ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ರ‍್ಯಾಪ್‌ಮನ್ ಎಂಬ ಹೆಸರಿನ ಬರಹಗಾರ ನಿರ್ದೇಶಕರ ಕೆಲಸ. ದಕ್ಷಿಣ ಲಂಡನ್ನಿನ ಐವರು ಕಪ್ಪು ಜನ, ಒಬ್ಬರಿಗೊಬ್ಬರು ಗುರುತಿಲ್ಲ. ಮೈಕಲ್ ಪಾರ್ಸೆಲ್ ವ್ಯಾನ್ ಓಡಿಸುತ್ತಾನೆ. ಸಬ್ರಿನಾ ನರ್ಸ್. ಆಂದ್ರೆ ಜೈಲಿನಿಂದ ಬಂದವನು, ಕೆಲಸ ಯಾರೂ ಕೊಡುತ್ತಿಲ್ಲ, ಮಗನ ಮುಂದೆ ತಲೆ ಎತ್ತಬೇಕು. ಅವನಿಗೆ ಆನೆಯಂಥ ಬಲ ಬಂದರೂ ತಿಂಗಳ ಖರ್ಚು ನಿಂತಿಲ್ಲ. ನನ್ನ ಅಳತೆಗೋಲಿಗೆ ‘ಮೂವಿಂಗ್’ ಆದಮೇಲೆ ಇದೇ.

ಈ ಶಕ್ತಿಗೂ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗೂ ಕತೆಯಲ್ಲಿ ನಂಟಿದೆ, ಹೇಗೆ ಅನ್ನುವುದನ್ನು ನೀವೇ ನೋಡಿ. ಬ್ರಿಟನ್ನಿನಲ್ಲಿ ಈ ಕಾಯಿಲೆ ಹೆಚ್ಚಾಗಿ ಕಾಣುವುದು ಆಫ್ರಿಕಾ ಮತ್ತು ಕೆರಿಬಿಯನ್ ಮೂಲದವರಲ್ಲಿ. ನಮ್ಮ ದೇಶದಲ್ಲೂ ಬುಡಕಟ್ಟು ಸಮುದಾಯಗಳನ್ನು ಇದು ಕಾಡುತ್ತಿದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನು ತೊಲಗಿಸಲು ಶುರು ಮಾಡಿದ ಕಾರ್ಯಕ್ರಮದ ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ಹಾಗಾಗಿ ಆಸ್ಪತ್ರೆಯ ಆ ದೃಶ್ಯಗಳನ್ನು ಯಾರದೋ ಕತೆ ಎಂದು ನೋಡಲು ಆಗುವುದಿಲ್ಲ. ಸರಣಿಯ ಮೊದಲ ಎರಡು ಕಂತು ಪಾತ್ರಗಳನ್ನು ಜೋಡಿಸುವುದರಲ್ಲೇ ಕಳೆಯುತ್ತವೆ, ಸ್ವಲ್ಪ ತಾಳ್ಮೆ ಬೇಕು. ಕೊನೆ ಮುಂದಿನ ಸೀಸನ್ನಿಗೆ ಬಾಗಿಲು ತೆರೆದು ನಿಲ್ಲುತ್ತದೆ.

‘ಸೆನ್ಸ್8’ ಬಗ್ಗೆ ನನಗೆ ಎರಡು ಮನಸ್ಸು. ಲೋಕದ ಎಂಟು ಊರುಗಳ ಎಂಟು ಜನರ ಮನಸ್ಸು ಒಂದಕ್ಕೊಂದು ಬೆಸೆದುಕೊಳ್ಳುತ್ತದೆ. ನೈರೋಬಿಯ ವ್ಯಾನ್ ಚಾಲಕನಿಗೆ ಹೊಡೆದಾಡಬೇಕಾದಾಗ ಸಿಯೋಲ್‌ನ ಕಿಕ್‌ಬಾಕ್ಸರ್ ಹೆಣ್ಣು ಅವನ ಮೈಯೊಳಗೆ ಬಂದು ಹೊಡೆಯುತ್ತಾಳೆ. ಮುಂಬೈನ ಕಲಾ ಔಷಧ ತಜ್ಞೆ, ಗಣಪತಿಯ ಭಕ್ತೆ, ಪ್ರೀತಿ ಇಲ್ಲದ ಮದುವೆಗೆ ತಯಾರಾಗುತ್ತಿರುವವಳು. ಈ ಪಾತ್ರ ಮಾಡಿದ ಟೀನಾ ದೇಸಾಯಿ ಬೆಂಗಳೂರಿನವರು. ಕೆಲವು ದೃಶ್ಯಗಳು ಮೈ ಜುಮ್ಮೆನ್ನಿಸುತ್ತವೆ. ಆದರೆ ಕತೆ? ಅದು ಅಲ್ಲಲ್ಲೇ ಸುತ್ತುತ್ತದೆ. 2017ರಲ್ಲಿ ನೆಟ್‌ಫ್ಲಿಕ್ಸ್ ನಿಲ್ಲಿಸಿದಾಗ ಅಭಿಮಾನಿಗಳು ಗಲಾಟೆ ಮಾಡಿ 2018ರಲ್ಲಿ ಒಂದು ದೀರ್ಘ ಕೊನೆಯ ಕಂತು ಮಾಡಿಸಿಕೊಂಡರು. ಅಷ್ಟು ಪ್ರೀತಿಸುವವರು ಅದಕ್ಕಿದ್ದಾರೆ ಅನ್ನುವುದನ್ನು ಮರೆಯಬಾರದು. ನಗ್ನ ದೃಶ್ಯಗಳಿವೆ, ಒಬ್ಬರೇ ಕೂತು ನೋಡುವ ಸರಣಿ.

ಹಾಗಾದರೆ ಯಾರಿಗೆ ಯಾವುದು

ಅರ್ಧಕ್ಕೆ ನಿಂತ ಕತೆ ಕಂಡರೆ ಆಗದವರು ‘ದ 4400’ ಮುಟ್ಟಬೇಡಿ. ಮುಗಿದ ತೃಪ್ತಿ ಬೇಕು ಅಂದರೆ ‘ಮೂವಿಂಗ್’, ಅಥವಾ ‘ಹೀರೋಸ್’ ಮೊದಲ ಸೀಸನ್. ‘ಮೂವಿಂಗ್’ಗೆ ಎರಡನೇ ಸೀಸನ್ ಮಾಡುತ್ತೇವೆ ಎಂದು ಹೇಳಿದ್ದಾರೆ, ಆದರೆ ಇರುವ 20 ಕಂತು ಅದಕ್ಕಾಗಿ ಕಾಯಿಸುವುದಿಲ್ಲ. ಸಮಯ ಕಡಿಮೆ ಇದ್ದರೆ ‘ಸೂಪಾಸೆಲ್’, ಒಂದು ಭಾನುವಾರ ಸಾಕು.

ಹೈಸ್ಕೂಲ್ ಮುಗಿಸುತ್ತಿರುವ ಮಕ್ಕಳ ಜೊತೆ ನೋಡಬೇಕು ಅಂದರೆ ಆಯ್ಕೆ ಸಣ್ಣದಾಗುತ್ತದೆ. ‘ದ 4400’ ಎಲ್ಲಕ್ಕಿಂತ ಸೌಮ್ಯ. ‘ಹೀರೋಸ್’ ಕೂಡ ಪರವಾಗಿಲ್ಲ, ಸೈಲರ್ ಎಂಬ ಖಳ ಜನರ ತಲೆಬುರುಡೆ ಕೊಯ್ಯುವ ಜಾಗಗಳಲ್ಲಿ ರಿಮೋಟ್ ಕೈಯಲ್ಲಿರಲಿ. ಇನ್ನೂ ಚಿಕ್ಕವರಿಗೆ ಈ ಆರರಲ್ಲಿ ಯಾವುದೂ ಬೇಡ. ಅಮೆರಿಕದ ಎಬಿಸಿ ವಾಹಿನಿಯ ‘ನೋ ಆರ್ಡಿನರಿ ಫ್ಯಾಮಿಲಿ’ ಸಿಕ್ಕರೆ ನೋಡಿ. ಅಪ್ಪ ಅಮ್ಮ ಇಬ್ಬರು ಮಕ್ಕಳು, ನಾಲ್ವರಿಗೂ ಶಕ್ತಿ, 20 ಕಂತು. ಆಳ ಇಲ್ಲ, ಅಪಾಯವೂ ಇಲ್ಲ.

ಎರಡನ್ನು ಜೋಡಿಸಿ ನೋಡುವ ಆಸೆ ಇದ್ದರೆ ಮೊದಲು ‘ಹೀರೋಸ್’ ಒಂದನೇ ಸೀಸನ್, ಆಮೇಲೆ ‘ಮಿಸ್‌ಫಿಟ್ಸ್’ ಮೊದಲೆರಡು. ಮೊದಲನೆಯದರ ಗಂಭೀರ ಮುಖವನ್ನು ಎರಡನೆಯದು ಹೇಗೆ ಅಣಕಿಸುತ್ತದೆ ಅನ್ನುವುದು ಆಗ ಚೆನ್ನಾಗಿ ಕಾಣುತ್ತದೆ. ತಿರುಗಿಸಿ ನೋಡಿದರೆ ‘ಹೀರೋಸ್’ ಪಾಪ ಸಪ್ಪೆ ಅನ್ನಿಸುತ್ತದೆ.

ಸಿಗುವ ಜಾಗದ ಬಗ್ಗೆ ಒಂದು ಮಾತು. ‘ಸೂಪಾಸೆಲ್’ ಮತ್ತು ‘ಸೆನ್ಸ್8’ ನೆಟ್‌ಫ್ಲಿಕ್ಸ್‌ನವೇ. ‘ಮೂವಿಂಗ್’ ಡಿಸ್ನಿಯವರದು, ನಮ್ಮಲ್ಲಿ ಹಾಟ್‌ಸ್ಟಾರ್‌ನಲ್ಲಿ ಬಂದದ್ದು. ಉಳಿದ ಹಳೆಯ ಮೂರು ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಓಡಾಡುತ್ತಿರುತ್ತವೆ. ಚಂದಾ ಕಟ್ಟುವ ಮೊದಲು ಎಲ್ಲಿದೆ ಎಂದು ಹುಡುಕಿ ನೋಡಿ. ‘ಮೂವಿಂಗ್’ ಅನ್ನು ಕೊರಿಯನ್ ದನಿಯಲ್ಲೇ ಸಬ್‌ಟೈಟಲ್ ಹಾಕಿಕೊಂಡು ನೋಡಿ. ಬೊಂಗ್‌ಸೊಕ್ ಅಂಕಿಗಳನ್ನು ಗೊಣಗುವ ದನಿ ಡಬ್ಬಿಂಗ್‌ನಲ್ಲಿ ಕಳೆದುಹೋದರೆ ಅರ್ಧ ಮಜಾ ಹೋದ ಹಾಗೆ.